ಜೊಳ್ಳು ಕಾಳು ನೀರ ಮೇಲೆ ಯಾಕೆ ತೇಲುತ್ತೆ?

ಭೂಮಿ ಇನ್ನೂ ಹಸಿ ಬಾಣಂತಿಯಾಗಿದ್ದ ಕಾಲ. ಆಗ ಕಾಳಿಗೂ ಬಾಯಿತ್ತು, ನೀರಿಗೂ ಬಾಯಿತ್ತು. ಒಳ್ಳೆ ಕಾಳಾಗಲಿ ಕೆಟ್ಟ ಕಾಳಾಗಲಿ, ನೀರಿಗೆ ಹಾಕಿದರೆ ಎಲ್ಲವೂ ಮುಳುಗುತ್ತಿದ್ದವು.

ಹಾಲವ್ವ ಅಂತ ಒಬ್ಬಳಿದ್ದಳು. ಅವಳಿಗೊಂದು ಹಸು, ಹಸುವಿಗೊಂದು ಕರು. ಗುಡ್ಡದ ಹುಲ್ಲೆಲ್ಲ ಕಾಳ್ಗಿಚ್ಚಿಗೆ ಸುಟ್ಟುಹೋಗಿತ್ತು. ಗೋವಿನಜೋಳ ನೆನೆಸಿ, ಬುಟ್ಟಿಯಲ್ಲಿ ಮೊಳಕೆ ಬರಿಸಿ ಆ ಹಸಿರು ತಿನ್ನಿಸಿದರೇ ಕರು ಉಳಿಯೋದು.

ಬಿಸಿಲು ಮೊದಲೇ ಹೇಳಿತ್ತು: "ಬೀಜ ಚೆನ್ನಾಗಿ ಒಣಗಿಸವ್ವಾ. ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನಬೇಕು. ಆಮೇಲೆ ಬೂದಿ, ಬೇವಿನೆಲೆ ಹಾಕಿ ಗಡಿಗೆ ಬಾಯಿ ಮೆತ್ತು."

ಕಾಳುಗಳೆಲ್ಲ ಅಂಗಳದಲ್ಲಿ ಮೈಯೊಡ್ಡಿ ಒಣಗಿದವು. ಅವುಗಳಲ್ಲಿ ಒಬ್ಬಳು ಮಾತ್ರ, "ಅಯ್ಯೋ, ನನ್ನ ಹೊನ್ನಿನ ಬಣ್ಣ ಕಂದೀತು!" ಅಂತ ಚಾಪೆಯ ಮಡಿಕೆಯಲ್ಲಿ ಅಡಗಿದಳು. ಬಣ್ಣವಂತೆ ಬಣ್ಣ! ತೇವದ ಜೊತೆ ಅವಳ ಗೆಳೆತನ ಇಡೀ ಅಂಗಳಕ್ಕೇ ಗೊತ್ತಿತ್ತು, ಹಾಲವ್ವನೊಬ್ಬಳಿಗೆ ಬಿಟ್ಟು. ಹಾಲವ್ವ ಮೇಲಿನದೊಂದು ಕಾಳು ಕಚ್ಚಿ ನೋಡಿದಳು. ಕಟ್ ಅಂತು. ಸಾಕು ಅಂತ ಚಾಪೆ ಕೊಡವಿ ಎಲ್ಲವನ್ನೂ ಗಡಿಗೆಗೆ ಸುರಿದು ಬಾಯಿ ಮೆತ್ತಿಬಿಟ್ಟಳು.

ತೇವ ಎಲ್ಲಾದರೂ ಒಂಟಿಯಾಗಿ ಬರುತ್ತಾ? ಹುಳುವನ್ನೂ ಕರೆತಂತು, ಬೂಷ್ಟನ್ನೂ ಕರೆತಂತು.

ಕತ್ತಲ ಗಡಿಗೆಯಲ್ಲಿ ಕರ್... ಕರ್...

"ಅಕ್ಕಾ, ಅದೇನು ಸದ್ದು?" ಚಾಪೆಯಲ್ಲಿ ಅಡಗಿದ್ದವಳನ್ನು ಪಕ್ಕದ ಕಾಳು ಕೇಳಿತು.

"ಏನೂ ಇಲ್ಲ, ಮಲಗೇ."

"ನಿನ್ನ ಹೊಟ್ಟೆಯೊಳಗಿಂದಲೇ ಬರ್ತಿದೆಯಲ್ಲೇ!"

ಕರ್... ಕರ್...

ಹಾಲವ್ವ ಕಾಳು ನೆನೆಹಾಕಿದಳು. ಎಲ್ಲವೂ ಮುಳುಗಿದವು. ನೀರು ಚೀರಿತು: "ಹಾಲವ್ವಾ, ಇವಳೊಳಗೆ ಯಾರೋ ಇದ್ದಾರೆ! ತೆಗೆದು ಎಸಿ!"

"ನಿನ್ನದು ಯಾವಾಗಲೂ ಗುಳುಗುಳು ಇದ್ದದ್ದೇ, ಸುಮ್ಮನಿರು," ಎಂದಳು ಹಾಲವ್ವ.

ಬುಟ್ಟಿ ತುಂಬ ಹಸಿರು ಎದ್ದಿತು. ಅವಳು ಬಿದ್ದ ಮೂಲೆಯಲ್ಲಿ ಮಾತ್ರ ಕಪ್ಪು ಬೂಷ್ಟು, ಕೂದಲು ಬಿಟ್ಟುಕೊಂಡು, ಒಂದು ಬೇರಿನಿಂದ ಇನ್ನೊಂದು ಬೇರಿಗೆ ಮೆಲ್ಲಗೆ ಹರಿಯುತ್ತಿತ್ತು. ಹಸಿದ ಕರು ಮೂಲೆಗೇ ಬಾಯಿ ಹಾಕಿತು. ಕಾಲು ನಡುಗಿದವು. ಕಣ್ಣು ಮೇಲಾದವು. ಮಲಗಿದ ಕರು ಮತ್ತೆ ಏಳಲಿಲ್ಲ.

ಹಸು ಹೊಳೆದಂಡೆಗೆ ಹೋಗಿ ಅರಚಿತು: "ನೀನು ಕಂಡಿದ್ದೆಯಲ್ಲೇ! ಯಾಕೆ ಬಿಟ್ಟೆ?"

ನೀರು ತಣ್ಣಗೆ ನಡುಗಿತು. "ಹೇಳಿದೆ ತಾಯಿ, ಯಾರೂ ಕೇಳಲಿಲ್ಲ. ಇನ್ನು ಮಾತಾಡೋದಿಲ್ಲ. ಒಳಗೆ ಟೊಳ್ಳಾದವಳನ್ನು ಎತ್ತಿ ಎಲ್ಲರಿಗೂ ತೋರಿಸಿಬಿಡ್ತೀನಿ."

ಅದಕ್ಕೇ ನೋಡು, ಇವತ್ತಿಗೂ ನಿಮ್ಮವ್ವ ಬಕೇಟಿನಲ್ಲಿ ಗೋವಿನಜೋಳ ನೆನೆಹಾಕಿದರೆ ಜೊಳ್ಳೆಲ್ಲ ಮೇಲೆ ತೇಲುತ್ತೆ. ಅದನ್ನು ಬಾಚಿ ಎಸೆಯುವ ತನಕ ಹಟ್ಟಿಯ ಹಸು ಆ ಬಕೇಟಿನಿಂದ ಕಣ್ಣು ಕೀಳೋದಿಲ್ಲ.