ಕೂತರೆ ಕೆಸರು, ಹಾರಿದರೆ ಹಾಲು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಎಲ್ಲಿ ಕೂರಬೇಕೆಂದು ಸರಿಯಾಗಿ ತಿಳಿದಿರಲಿಲ್ಲ, ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಹಕ್ಕಿಗಳಿಗೆ ಕೊಕ್ಕು ಬಂದಿತ್ತು, ರೆಕ್ಕೆ ಬಂದಿತ್ತು, ಜಗಳವಾಡುವುದೂ ಬಂದಿತ್ತು. ಬಣ್ಣ ಮಾತ್ರ ಬಂದಿರಲಿಲ್ಲ. ಗಿಣಿಯೂ ಬಿಳಿ, ಕಾಗೆಯೂ ಬಿಳಿ, ನವಿಲೂ ಬಿಳಿ. ಮರದ ತುಂಬ ಹಕ್ಕಿಗಳು ಕೂತರೆ ಯಾರೋ ಬಟ್ಟೆ ಒಗೆದು ಹರವಿದ ಹಾಗೆ ಕಾಣುತ್ತಿತ್ತು.

ಆಗ ಒಂದು ಕೆರೆಯ ದಂಡೆಯಲ್ಲಿ ನಿಂಗಜ್ಜಿ ಎಂಬ ಮುದುಕಿ ಇದ್ದಳು. ಹಕ್ಕಿಗಳ ಚಿತ್ರ ಬರೆಯುವುದು ಅವಳ ಕೆಲಸ. ದೊಡ್ಡ ಚಿತ್ರವಲ್ಲ, ಅಂಗೈಯಗಲದ ಹಲಗೆಯ ಮೇಲೆ ಪುಟ್ಟ ಚಿತ್ರ. ಕೆಮ್ಮಣ್ಣು, ಅರಿಶಿನ, ಸೊಪ್ಪಿನ ರಸ, ದೀಪದ ಮಸಿ, ಏನು ಸಿಕ್ಕಿದರೂ ನುಣ್ಣಗೆ ಅರೆದು ಅಗಸೆ ಎಣ್ಣೆಯಲ್ಲಿ ಕಲಸುತ್ತಿದ್ದಳು. ಕುಂಚಕ್ಕೆ ಅಳಿಲು ತನ್ನ ಬಾಲದ ಕೂದಲು ಕೊಟ್ಟಿತ್ತು. ಕೊಡುವಾಗ ಸ್ವಲ್ಪ ಗೊಣಗಿತ್ತು, ಆ ಮಾತು ಬೇರೆ.

ನಿಂಗಜ್ಜಿ ಮೈ ಬರೆಯುವಳು, ಕೊಕ್ಕು ಬರೆಯುವಳು, ಕಾಲು ಬರೆಯುವಳು. ಕಣ್ಣನ್ನು ಮಾತ್ರ ಕಟ್ಟಕಡೆಗೆ ಇಡುವಳು. ಕಣ್ಣಿಟ್ಟ ಕೂಡಲೇ ಗಾಳಿ ಬಂದು ಹಲಗೆಯ ಮೇಲೆ ಉಫ್ ಎಂದು ಊದುತ್ತಿತ್ತು. ಎಣ್ಣೆ ಆರುತ್ತಿತ್ತು. ಚಿತ್ರದಲ್ಲಿ ಇದ್ದ ಬಣ್ಣ ಇದ್ದ ಹಾಗೇ ಹಕ್ಕಿಯ ಮೈಗೆ ಬರುತ್ತಿತ್ತು. ಕಣ್ಣಿಡುವ ತನಕ ಎಷ್ಟು ಬೇಕಾದರೂ ಒರೆಸಿ ತಿದ್ದಬಹುದು. ಕಣ್ಣಿಟ್ಟು ಎಣ್ಣೆ ಆರಿತೋ, ಆಮೇಲೆ ನಿಂಗಜ್ಜಿಯ ಕೈಯಲ್ಲೂ ಆಗದು. ಒಂದು ಹಕ್ಕಿಗೆ ಒಂದೇ ಹಲಗೆ.

ಚಿತ್ರಕ್ಕೆ ಕೂರುವ ಹಕ್ಕಿಗಳೋ, ದೇವರಿಗೇ ಪ್ರೀತಿ! ಗಿಣಿ ಬಾಯಿ ಮುಚ್ಚುತ್ತಿರಲಿಲ್ಲ. ಮಿಂಚುಳ್ಳಿ ಅರ್ಧ ಚಿತ್ರದಲ್ಲಿ ನೀರಿಗೆ ಧುಮುಕಿ, ಮೀನು ತಿಂದು, ಒದ್ದೆ ಮೈಯಲ್ಲಿ ಬಂದು ಕೂತು, "ಎಲ್ಲಿಗೆ ನಿಲ್ಸಿದ್ದೆ ಅಜ್ಜಿ?" ಎಂದು ಕೇಳಿತ್ತು. ಕಾಗೆ ಎರಡು ನಿಮಿಷಕ್ಕೊಮ್ಮೆ ಹಾರಿಬಂದು ಹಲಗೆಯೊಳಗೆ ಇಣುಕಿ, ಕೊನೆಗೆ ಮಸಿಯ ಕುಡಿಕೆಯನ್ನೇ ಉರುಳಿಸಿಬಿಟ್ಟಿತು. ಫಲ ಏನಾಯಿತೆಂದು ನಿಮಗೆಲ್ಲ ಗೊತ್ತೇ ಇದೆ.

"ಅಲ್ಲಾಡಬೇಡ್ರೋ, ಒಂದ್ ಗಳಿಗೆ ನೆಟ್ಟಗೆ ಕೂತ್ಕಳ್ರೋ," ಎಂದು ಕೂಗಿ ಕೂಗಿ ನಿಂಗಜ್ಜಿಯ ಗಂಟಲು ಒಣಗುತ್ತಿತ್ತು. ಆದರೂ ಅವಳಿಗೆ ಅವುಗಳ ಮೇಲೆ ಜೀವ. ಬೈಯುತ್ತಲೇ ಅವು ರೆಕ್ಕೆ ಬಡಿದಾಗ ಒಳಗೇನಿದೆ, ಬಾಲ ಬಿಚ್ಚಿದಾಗ ಹೇಗಿದೆ ಎಂದೆಲ್ಲ ನೋಡಿಕೊಂಡು ಬರೆದುಬಿಡುತ್ತಿದ್ದಳು. "ರೆಕ್ಕೆ ಎತ್ತು, ನೋಡ್ತೀನಿ" ಎಂದು ಯಾರನ್ನೂ ಅವಳು ಕೇಳಬೇಕಾಗಿ ಬಂದೇ ಇರಲಿಲ್ಲ.

ಒಂದು ಬೆಳಿಗ್ಗೆ ಕೊಳದ ಬಕವೊಂದು ನಡೆದುಕೊಂಡು ಬಂತು. ಗಿಡ್ಡ ಕಾಲು, ಒಳಗೆ ಎಳೆದುಕೊಂಡ ಕತ್ತು. ಕೆರೆಯ ದಂಡೆಯಲ್ಲಿ ಎಲ್ಲರೂ ಅವಳನ್ನು ಬಕವ್ವ ಎನ್ನುತ್ತಿದ್ದರು.

"ಬಾರವ್ವ," ಎಂದಳು ನಿಂಗಜ್ಜಿ. "ಗಿಣಿಗೆ ಹಾಕಿದ ಹಸಿರು ಇನ್ನೂ ಒಂಚೂರು ಐತೆ. ಅದನ್ನ ಹಾಕ್ಲಾ? ನವಿಲಿನ ನೀಲಿನೂ ಐತೆ."

"ಬ್ಯಾಡ ಅಜ್ಜಿ," ಎಂದಳು ಬಕವ್ವ. "ನಂಗೆ ಕೆಸರಿನ ಬಣ್ಣ ಹಾಕು."

ನಿಂಗಜ್ಜಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. "ಏನಂದೆ?"

"ಕೆಸರಿನ ಬಣ್ಣ, ಅಜ್ಜಿ. ಈ ದಂಡೆ ಮೇಲೈತಲ್ಲ, ಅದೇ."

"ಅಯ್ಯೋ, ಬಣ್ಣ ಬ್ಯಾಡ ಅಂತ ಕೆಸರು ಕೇಳೋರನ್ನ ನಾನು ಕಂಡಿಲ್ಲ ಕಣೆ! ನಾಳೆ ನೋಡಿದೋರು ನಿಂಗಜ್ಜಿ ಕೈ ಸೋತು ಹೋಯ್ತು ಅಂತಾರೆ."

ಬಕವ್ವ ನಗಲಿಲ್ಲ. ಕೆರೆಯಾಚೆಯ ಜಾಲಿ ಮರದ ಕಡೆ ನೋಡಿದಳು. "ಅಲ್ಲಿ ನನ್ನ ಗೂಡೈತೆ ಅಜ್ಜಿ. ನಾನು ಬೆಳ್ಳಗಿದ್ದೀನಿ, ಕೆಸರು ಕಪ್ಪಗೈತೆ. ಮೀನು ಹಿಡಿಯಕ್ಕೆ ನಿಂತ್ರೆ ಹದ್ದಿಗೆ ಆಕಾಶದಿಂದ್ಲೇ ಕಾಣ್ತೀನಿ. ಹಿಂದಿಂದೆ ಬಂದು ಗೂಡು ಕಂಡ್ಕೋತಾನೆ. ಹೋದ ಸಲದ ಮರಿ ಒಂದೂ ಉಳೀಲಿಲ್ಲ. ಈಗ ಮತ್ತೆ ಮರಿ ಆಗವೆ."

ನಿಂಗಜ್ಜಿ ಹಸಿರಿನ ಕುಡಿಕೆಯ ಬಾಯಿ ಮುಚ್ಚಿಟ್ಟಳು. "ಬೆಳ್ಳಕ್ಕಿ ಬೆಳ್ಳಗೇ ಐತಲ್ಲ ಅಂತ ಕೇಳ್ಬೇಕು ಅಂತಿದ್ದೆ, ಬಿಡು," ಎಂದಳು.

"ಅವಳಿಗೇನು ಅಜ್ಜಿ, ಎಮ್ಮೆ ಮಗ್ಗುಲಲ್ಲೇ ಓಡಾಡ್ತಾಳೆ. ನಂಗೆ ಯಾವ ಎಮ್ಮೆನೂ ಇಲ್ಲ."

"ಸರಿ. ಆ ಗೂಟದ ಮೇಲೆ ಕೂತ್ಕೋ. ಅಲ್ಲಾಡಬೇಡ."

ಅಲ್ಲಾಡಬೇಡ ಎಂದದ್ದೇ ತಡ, ಬಕವ್ವ ಕಲ್ಲಾದಳು. ಕತ್ತು ಅಲ್ಲಾಡಲಿಲ್ಲ, ಕಾಲು ಅಲ್ಲಾಡಲಿಲ್ಲ. ಒಂದು ದಪ್ಪ ಕಪ್ಪೆ ಅವಳ ಕಾಲ ಬೆರಳ ಮೇಲೇ ಹತ್ತಿ ಇಳಿದು ಹೋಯಿತು, ಅವಳು ಕೊಕ್ಕು ಬಿಚ್ಚಲಿಲ್ಲ. ಗಾಳಿ ತಮಾಷೆಗೆಂದು ಕಂಕುಳಲ್ಲಿ ಕಚಗುಳಿ ಇಟ್ಟಿತು, ಆಗಲೂ ಅಲ್ಲಾಡಲಿಲ್ಲ. ಅವಳ ಕಣ್ಣು ಜಾಲಿ ಮರದ ಮೇಲೇ ಇತ್ತು.

"ಇದು ಚಿತ್ರಕ್ಕೆ ಕೂರೋದು ಅಂದ್ರೆ!" ನಿಂಗಜ್ಜಿ ಹಿಗ್ಗಿ ಹೀರೇಕಾಯಿಯಾದಳು. ದಂಡೆಯ ಕೆಸರನ್ನೇ ತಂದು ಎಣ್ಣೆಯಲ್ಲಿ ಕಲಸಿ ಚಿತ್ರದ ಬೆನ್ನಿಗೆ ಬಳಿದಳು. ಬರೀ ಕೆಸರು ಬಳಿಯಲು ಅವಳ ಮನಸ್ಸು ಒಪ್ಪಲಿಲ್ಲ. ಕತ್ತಿನ ಮೇಲೆ, ಎದೆಯ ಮೇಲೆ ಒಣಗಿದ ಜೊಂಡಿನ ಹಾಗೆ ಸಣ್ಣ ಸಣ್ಣ ಗೆರೆ ಎಳೆದಳು. ಒಂದು ಗೆರೆ ವಾರೆಯಾದರೆ ಒರೆಸಿ ಮತ್ತೆ ಎಳೆದಳು. ಅಷ್ಟು ಪ್ರೀತಿಯಿಂದ ನವಿಲನ್ನೂ ಬರೆದಿರಲಿಲ್ಲ. ಕೊನೆಗೆ ಅರಿಶಿನದಲ್ಲಿ ಕುಂಚದ ತುದಿ ಅದ್ದಿ, ಉಸಿರು ಬಿಗಿಹಿಡಿದು, ಕಣ್ಣಿಟ್ಟಳು.

ಗಾಳಿ ಊದಿತು. ಎಣ್ಣೆ ಆರಿತು. ಗೂಟದ ಮೇಲಿದ್ದ ಬಿಳಿ ಹಕ್ಕಿ ಕೆಸರಿನ ಹಕ್ಕಿಯಾಯಿತು.

"ಆಯ್ತಾ ಅಜ್ಜಿ?"

"ಆಯ್ತು ಕಣವ್ವ, ಹೋಗು, ಮಕ್ಕಳನ್ನ ನೋಡ್ಕೋ."

ಬಕವ್ವ ಖುಷಿಯಿಂದ ರೆಕ್ಕೆ ಬಿಚ್ಚಿ ಹಾರಿದಳು. ರೆಕ್ಕೆ ಬೆಳ್ಳಗಿತ್ತು! ಬೆನ್ನಿನ ಕೆಸರು ಎಲ್ಲೋ ಅಡಗಿ ಹೋಗಿ, ಆಕಾಶದಲ್ಲಿ ಹಾಲು ಚೆಲ್ಲಿದ ಹಾಗೆ ಬರೀ ಬಿಳಿ. ಬಕವ್ವ ಒಂದು ಸಲವೂ ರೆಕ್ಕೆ ಎತ್ತಿರಲಿಲ್ಲ. ನಿಂಗಜ್ಜಿ ಕಂಡದ್ದನ್ನು ಮಾತ್ರ ಬರೆದಿದ್ದಳು. ಮಡಚಿದ ರೆಕ್ಕೆ ಮಡಚಿದ ಹಾಗೇ ಚಿತ್ರಕ್ಕೆ ಹೋಗಿತ್ತು.

"ಅಯ್ಯೋ ನನ್ನ ಕೈಗೆ ಬೆಂಕಿ ಬೀಳ! ರೆಕ್ಕೆ ಎತ್ತು ಅಂತ ಒಂದು ಮಾತು ಕೇಳಲಿಲ್ವಲ್ಲ!" ಮುದುಕಿ ಹಣೆ ಹಣೆ ಚಚ್ಚಿಕೊಂಡಳು. ಹಲಗೆ ಎತ್ತಿಕೊಂಡು ಸೆರಗಿನಿಂದ ಉಜ್ಜಿದಳು. ಎಣ್ಣೆ ಆರಿಹೋಗಿತ್ತು. ಚಿತ್ರದ ಹಳದಿ ಕಣ್ಣು ಅವಳನ್ನೇ ನೋಡುತ್ತಿತ್ತು.

"ಅಜ್ಜಿ, ಮೇಲೆ ನೋಡು," ಎಂದಿತು ಗಾಳಿ, ಮೆಲ್ಲಗೆ.

ಮೇಲೆ ಹದ್ದು ಇತ್ತು. ಬಿಳಿಯನ್ನು ಕಂಡಿತ್ತು. ಬಕವ್ವನೂ ಹದ್ದನ್ನು ಕಂಡಳು. ಜಾಲಿ ಮರ ಎದುರಿಗೇ ಇತ್ತು, ಮರಿಗಳು ಬಾಯಿ ತೆರೆದು ಕೂಗುತ್ತಿದ್ದವು. ಈಗ ಅಲ್ಲಿಗೆ ಹೋದರೆ ತಾನೇ ದಾರಿ ತೋರಿಸಿದ ಹಾಗೆ. ಅವಳು ಮರಿಗಳಿಗೆ ಬೆನ್ನು ಹಾಕಿದಳು. ತಿರುಗಿ ಕೆರೆಯ ಕಡೆಗೇ ಹಾರಿದಳು, ಹದ್ದು ಬೆನ್ನಟ್ಟಿತು, ಬಾಲದ ಗರಿ ಸೋಕುವಷ್ಟು ಹತ್ತಿರ ಬಂತು. ನಿಂಗಜ್ಜಿ ಕುಂಚ ಹಿಡಿದೇ ದಂಡೆಗೆ ಓಡಿದಳು, ಅದರಿಂದ ಹದ್ದನ್ನು ಏನು ಮಾಡುವವಳಿದ್ದಳೋ ಅವಳಿಗೇ ಗೊತ್ತಿಲ್ಲ.

ಬಕವ್ವ ತೊಪ್ಪನೆ ದಂಡೆಗೆ ಬಿದ್ದಳು. ರೆಕ್ಕೆ ಮಡಚಿದಳು. ಅವಳಿಗೆ ಆಗ ನೆನಪಾದದ್ದು ಒಂದೇ ಮಾತು: ಅಲ್ಲಾಡಬೇಡ. ಅವಳು ಅಲ್ಲಾಡಲಿಲ್ಲ.

ಬಿಳಿ ಮಾಯವಾಯಿತು.

ಹದ್ದು ಗಕ್ಕನೆ ನಿಂತು ಒಂದು ಸುತ್ತು ಹೊಡೆಯಿತು. ಇನ್ನೊಂದು ಸುತ್ತು ಹೊಡೆಯಿತು. ಕೆಳಗೆ ಕೆಸರು, ಜೊಂಡು, ಒಬ್ಬಳು ಮುದುಕಿ. "ಅಜ್ಜಮ್ಮ, ಈಗ ತಾನೆ ಇಲ್ಲೊಂದು ಬಿಳಿ ಹಕ್ಕಿ ಬಿತ್ತಲ್ಲ, ಎಲ್ಲಿ?"

ನಿಂಗಜ್ಜಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ಅತ್ತ ನೋಡಿದಳು, ಇತ್ತ ನೋಡಿದಳು. "ನಾನೂ ಅದನ್ನೇ ಹುಡುಕ್ತಿದ್ದೀನಿ ಕಣಪ್ಪ. ನಂಗೂ ಕಾಣ್ತಿಲ್ಲ," ಎಂದಳು. ಅದು ನಿಜವೇ ಆಗಿತ್ತು.

ಹದ್ದಿಗೆ ತಲೆ ಚಿಟ್ಟು ಹಿಡಿಯಿತು. ಬಿಸಿಲಿಗೆ ಕಣ್ಣು ಮಂಜಾಯಿತೇನೋ ಎಂದು ಗೊಣಗಿಕೊಂಡು ಬೆಟ್ಟದ ಕಡೆ ಹೋಯಿತು. ಅದು ಚುಕ್ಕೆಯಾಗಿ ಮರೆಯಾಗುವ ತನಕ ಕೆರೆಯ ದಂಡೆಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ಆಗ ನಿಂಗಜ್ಜಿಯ ಕಾಲ ಬಳಿಯೇ ಕೆಸರಿನಲ್ಲಿ ಒಂದು ಅರಿಶಿನದ ಚುಕ್ಕೆ ಮಿಟುಕಿತು. ತಾನೇ ಇಟ್ಟ ಚುಕ್ಕೆ! ಮುದುಕಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟಳು.

"ನಿನ್ನ ರೆಕ್ಕೆ ಮರೆತುಬಿಟ್ಟೆ ಕಣೆ. ಇನ್ನು ತಿದ್ದಕ್ಕಾಗಲ್ಲ. ತಪ್ಪಾಯ್ತು."

"ಇರ್ಲಿ ಬಿಡಜ್ಜಿ," ಎಂದಳು ಬಕವ್ವ. "ಬಿಳಿನೇ ನೋಡ್ಕೊಂಡು ಬಂದ, ಬಿಳಿನೇ ಕಳ್ಕೊಂಡು ಹೋದ. ಮೊದ್ಲಿಂದ ಕೆಸರಾಗೇ ಇದ್ದಿದ್ರೆ ಕೆಸರನ್ನೇ ಹುಡುಕ್ತಿದ್ದ." ಹೀಗೆಂದು ನಾಲ್ಕು ಕಡೆ ನೋಡಿ, ಮರಿಗಳ ಹತ್ತಿರ ಹಾರಿದಳು. ಆ ವರ್ಷ ಜಾಲಿ ಮರದ ಗೂಡಿನಲ್ಲಿ ಮರಿಗಳೆಲ್ಲ ಉಳಿದವು. ಬೆಳೆದು ಗರಿ ಬಂದಾಗ ಅವುಗಳಿಗೂ ಹೊರಗೆ ಕೆಸರು, ಒಳಗೆ ಹಾಲು.

ವರ್ಷಗಳು ಕಳೆದವು. ಹಕ್ಕಿಗಳಿಗೆಲ್ಲ ಬಣ್ಣ ಬಂದು ಮುಗಿಯಿತು. ನಿಂಗಜ್ಜಿಯ ಕಣ್ಣು ಮಂಜಾಯಿತು. ಕುಂಚ ಮೂಲೆ ಸೇರಿತು. ಆದರೂ ಅವಳು ದಿನಾ ದಂಡೆಗೆ ಬಂದು ಕೂರುತ್ತಿದ್ದಳು. ಗಿಣಿಯ ಮಾತು ಕೇಳಿಸುತ್ತಿತ್ತು, ಕಾಗೆಯ ಕೂಗು ಕೇಳಿಸುತ್ತಿತ್ತು. ಬಕವ್ವನದು ಸದ್ದೇ ಇಲ್ಲ. ಪಕ್ಕದಲ್ಲೇ ನಿಂತಿದ್ದರೂ ಕಾಣುತ್ತಿರಲಿಲ್ಲ.

"ಬಕವ್ವ, ಇದ್ದೀಯೇನೆ?" ಎಂದು ಮುದುಕಿ ಕೇಳುವಳು.

ಆಗ ಬಕವ್ವ ಅವಳ ಕಾಲ ಬುಡದಿಂದಲೇ ರೆಕ್ಕೆ ಬಿಚ್ಚಿ ಏಳುವಳು. ಆ ಮಂಜುಗಣ್ಣಿಗೂ ಕಾಣುವಷ್ಟು ಬಿಳಿ!

"ಇದ್ದೀನಿ ಅಜ್ಜಿ! ನೀನು ಬರೆಯದೆ ಬಿಟ್ಟಿದ್ದು ನಿಂಗೇ ಉಳೀತು ನೋಡು!"

ನಿಂಗಜ್ಜಿ ಬೊಚ್ಚುಬಾಯಿ ಬಿಟ್ಟು ನಗುವಳು.

ಮಗೂ, ನೀನೂ ಕೆರೆಯ ದಂಡೆಗೆ ಹೋದಾಗ ನೋಡು. ಬಕವೊಂದು ಕತ್ತು ಒಳಗೆಳೆದುಕೊಂಡು ಕಲ್ಲಿನ ಹಾಗೆ ನಿಂತಿರುತ್ತದೆ. ದೊಡ್ಡವರು ಅದನ್ನು ಬಕಧ್ಯಾನ ಎಂದು ಗೇಲಿ ಮಾಡುತ್ತಾರೆ. ಧ್ಯಾನವೂ ಇಲ್ಲ, ಏನೂ ಇಲ್ಲ, ಅದು ಇವತ್ತಿಗೂ ನಿಂಗಜ್ಜಿಯ ಮುಂದೆ ಚಿತ್ರಕ್ಕೆ ಕೂತಿದೆ. ಅದನ್ನು ಕಾಣದೆ ನೀನು ಹತ್ತಿರ ಹೋದರೆ ಕಾಲ ಬುಡದ ಕೆಸರು ಇದ್ದಕ್ಕಿದ್ದಂತೆ ಹಾಲಾಗಿ ಹಾರುತ್ತದಲ್ಲ, ಅದು ಹೆದರಿ ಹಾರಿತು ಎಂದುಕೊಳ್ಳಬೇಡ. ಅಜ್ಜಿ ಬಂದಳೆಂದು ತಿಳಿದು, ಇದ್ದೀನಿ ಎಂದು ರೆಕ್ಕೆ ತೋರಿಸುತ್ತಿದೆ.