ಗರಿಕೆಯ ಗೆಣ್ಣು ಗೆಣ್ಣಿಗೂ ಬೇರು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು, ಪುಟ್ಟಿ. ಎಷ್ಟು ಹೊಸದು ಅಂದರೆ, ನೆಲದ ಮೇಲೆ ಒಂದೇ ಒಂದು ದಾರಿಯೂ ಇರಲಿಲ್ಲ. ಗುಡ್ಡ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಮಳೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ ಗುಡ್ಡದ ಬುಡದಲ್ಲಿ ತಿಪ್ಪವ್ವ ಎಂಬ ಹೆಂಗಸು ಇದ್ದಳು. ಅವಳ ಮಗಳನ್ನು ಎರೆಹೊಲದ ಆಚೆಗೆ ಕೊಟ್ಟಿತ್ತು. ಮಗಳು ತುಂಬಿದ ಬಸುರಿ. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು. ಮಗಳ ಹೆರಿಗೆಗೆ ತಾಯಿ ಹೋಗುವುದು ಹೇಗೆ?

ತಿಪ್ಪವ್ವ ಗುಡ್ಡವನ್ನು ಕೇಳಿದಳು: "ಗುಡ್ಡಪ್ಪಾ, ದಾರಿಗೆ ಹಾಕೋಕೆ ಒಂದಿಷ್ಟು ಗರಸು ಮಣ್ಣು ಕೊಡ್ತೀಯಾ?"

"ಮಗಳ ಹತ್ರ ಹೋಗೋಕೆ ತಾನೇ? ತಗೋ ತಾಯಿ" ಎಂದಿತು ಗುಡ್ಡ.

ಅವಳು ಅಗೆದಳು, ಬುಟ್ಟಿ ತುಂಬಿದಳು, ಹೊತ್ತು ಹಾಕಿದಳು. ಅಗೆದಳು, ತುಂಬಿದಳು, ಹಾಕಿದಳು. ದಾರಿ ಆಯಿತು. ಮೊಮ್ಮಗಳು ಹುಟ್ಟಿದಳು. ಗುಡ್ಡದ ಪಕ್ಕೆಯಲ್ಲಿ ಮಾತ್ರ ದೊಡ್ಡ ಗುಂಡಿ ಉಳಿಯಿತು.

ಮುಂದಿನ ಮಳೆಗೆ ಗುಂಡಿಯ ಅಂಚು ಕುಸಿಯಿತು. ಗುಡ್ಡದ ಮಣ್ಣೆಲ್ಲ ಕೆಂಪಾಗಿ ಹಳ್ಳಕ್ಕೆ ಇಳಿಯಿತು.

"ತಿಪ್ಪವ್ವಾ, ಉಸಿರು ಕಟ್ತಾ ಇದೆ. ಮೀನುಗಳಿಗೆ ತಮ್ಮ ಮರಿಗಳೇ ಕಾಣ್ತಿಲ್ಲ" ಎಂದಿತು ಹಳ್ಳ.

ತಿಪ್ಪವ್ವ ಕೆಂಪು ನೀರು ನೋಡಿದಳು, ಗುಡ್ಡದ ಪಕ್ಕೆಯ ಗುಂಡಿ ನೋಡಿದಳು.

"ಅಗೆದವಳು ನಾನು, ಸರಿ ಮಾಡೋಳೂ ನಾನೇ" ಎಂದು ಅವಳು ಹಳ್ಳದ ಹೂಳನ್ನು ಬುಟ್ಟಿಯಲ್ಲಿ ತುಂಬಿ ಮೇಲಕ್ಕೆ ಹೊತ್ತಳು. ಮಳೆ ಅದನ್ನು ತೊಳೆದು ಕೆಳಕ್ಕೆ ತಂದಿತು. ಮತ್ತೆ ಹೊತ್ತಳು. ಮತ್ತೆ ತಂದಿತು.

"ಮಳೆರಾಯಾ, ಸ್ವಲ್ಪ ದಿನ ಬರದೆ ಇರ್ತೀಯಾ?"

"ನಾನು ಬರದಿದ್ರೆ ನಿನ್ನ ಜೋಳ ಏನು ಕುಡಿಯುತ್ತೆ? ಇಳಿಜಾರು ಕಂಡ್ರೆ ಕಾಲು ತಾನಾಗೇ ಓಡುತ್ತೆ ತಾಯಿ. ಮೆಟ್ಟಿಲು ಮಾಡಿಕೊಡು, ನಡ್ಕೊಂಡು ಇಳೀತೀನಿ."

ತಿಪ್ಪವ್ವ ಗುಂಡಿಯ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಳು. ಪ್ರತಿ ಮೆಟ್ಟಿಲ ಅಂಚಿಗೂ ಕಲ್ಲು ಜೋಡಿಸಿ, ಹಿಂದೆ ಹೂಳು ಹರಡಿದಳು. ಮಳೆ ಮಾತಿನಂತೆ ನಡೆದೇ ಇಳಿಯಿತು. ಆದರೂ ಕಲ್ಲಿನ ಸಂದಿಯಿಂದ ಮಣ್ಣು ಜಾರುತ್ತಲೇ ಇತ್ತು. ಅದನ್ನು ಹಿಡಿದುಕೊಳ್ಳುವವರು ಬೇಕಿತ್ತು.

ಅವಳು ಆಲದ ಮರವನ್ನು ಕರೆದಳು. "ನನ್ನ ಭಾರಕ್ಕೇ ಈ ಹಸಿಮಣ್ಣು ಕುಸಿಯುತ್ತೆ. ನೆಲ ಗಟ್ಟಿಯಾದ ಮೇಲೆ ಬರ್ತೀನಿ" ಎಂದಿತು ಆಲ.

ಆಗ ಹಳ್ಳದ ದಂಡೆಯಿಂದ ಗರಿಕೆ ಮಾತಾಡಿತು. ಆ ಕಾಲದಲ್ಲಿ ಗರಿಕೆ ಜೋಳದ ಪೈರಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು.

"ನಾನು ಬರ್ತೀನಿ ಅವ್ವಾ. ಆದ್ರೆ ನನಗಿರೋದು ಒಂದೇ ಕಡೆ ಬೇರು. ಅಷ್ಟೂ ಮೆಟ್ಟಿಲು ಹೇಗೆ ಹಿಡೀಲಿ?"

"ಒಂದೊಂದು ಮೆಟ್ಟಿಲಲ್ಲೂ ಕೂತು ಸುಧಾರಿಸ್ಕೋ ಮಗಳೇ. ಕೂತ ಕಡೆ ನೆಲ ಹಿಡ್ಕೋ."

ಗರಿಕೆ ಬಾಗಿ ನೆಲದ ಮೇಲೆ ಮಲಗಿತು. ಒಂದು ಮೆಟ್ಟಿಲು ಹರಿದು ಕೂತಿತು. ಕೂತಲ್ಲಿ ಗೆಣ್ಣು ಮೂಡಿತು, ಗೆಣ್ಣಿನಿಂದ ದಾರದಂಥ ಬೇರು ಇಳಿಯಿತು. ಇನ್ನೊಂದು ಮೆಟ್ಟಿಲು, ಇನ್ನೊಂದು ಗೆಣ್ಣು, ಇನ್ನೊಂದು ಬೇರು.

ತುದಿ ಮುಟ್ಟಿದ ಮಾರನೆಯ ದಿನವೇ ಜೋರು ಮಳೆ. ಮೇಲಿನ ಸಾಲಿನ ಕಲ್ಲೊಂದು ಉರುಳಿ ಗರಿಕೆಯ ನಡುವಿಗೆ ಬಿತ್ತು. ಗರಿಕೆ ಎರಡು ತುಂಡಾಯಿತು.

ತಿಪ್ಪವ್ವ, ಮಗಳ ಜೊತೆ ತವರಿಗೆ ಬಂದಿದ್ದ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಮಳೆಯಲ್ಲೇ ಓಡಿ ಬಂದಳು. "ಗರಿಕೇ, ಇದ್ದೀಯಾ ಮಗಳೇ?"

"ಇದ್ದೀನಿ ಅವ್ವಾ" ಎಂದಿತು ಕೆಳಗಿನ ತುಂಡು.

"ನಾನೂ ಇದ್ದೀನಿ" ಎಂದಿತು ಮೇಲಿನ ತುಂಡು.

ಎರಡೂ ತಾವಿದ್ದಲ್ಲೇ ನೆಲ ಹಿಡಿದಿದ್ದವು. ಒಂದು ಹಿಡಿ ಮಣ್ಣೂ ಜಾರಿರಲಿಲ್ಲ. ತಿಪ್ಪವ್ವ ಕೆಸರಿನಲ್ಲೇ ಕುಳಿತು ಎರಡನ್ನೂ ನೇವರಿಸಿದಳು.

ಹಳ್ಳ ತಿಳಿಯಾಯಿತು. ಹಕ್ಕಿಗಳು ಬಾರೆಹಣ್ಣಿನ ಬೀಜ ಉದುರಿಸಿದವು. ಹೇಳಿದಂತೆ ಆಲವೂ ಬಂತು. ಗುಂಡಿಯ ಹಸಿರಿನಲ್ಲಿ ಮೊಮ್ಮಗಳು ನಡೆಯಲು ಕಲಿತಳು. "ಈಗ ತಂಪಾಯ್ತು ತಾಯಿ" ಎಂದಿತು ಗುಡ್ಡ.

ಅದಕ್ಕೇ ಪುಟ್ಟಿ, ಇವತ್ತಿಗೂ ಗರಿಕೆ ನೆಲಕ್ಕೆ ಬಾಗಿ ಹರಿಯುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಅಂಗಳದಲ್ಲಿ ನೀನು ಎಷ್ಟು ಜಗ್ಗಿದರೂ ಅರ್ಧ ಕೈಗೆ ಬರುತ್ತದೆ, ಉಳಿದರ್ಧ ನೆಲ ಹಿಡಿದುಕೊಂಡೇ ಇರುತ್ತದೆ.