ಹುಲಿಗೆವ್ವನ ಮೋರಿ

ನೇರಲದಿನ್ನಿಯಿಂದ ಹೊಳೆಗೆ ಹೋಗಲು ಎರಡು ದಾರಿಗಳಿವೆ. ಒಂದು ಮೊನ್ನೆ ಮೊನ್ನೆ ಹಾಕಿದ ಡಾಂಬರು ರಸ್ತೆ. ಮೂರು ಮಳೆಗಾಲ ಕಾಣುವಷ್ಟರಲ್ಲಿ ಅದರ ಮೈಯೆಲ್ಲ ಬಿರುಕು ಬಿಟ್ಟು, ಅಂಚು ಕುಸಿದು, ನಡುವೆ ಎಮ್ಮೆ ಮಲಗುವಷ್ಟು ಗುಂಡಿ ಬಿದ್ದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಕೆಲಸ ಅದು. ಇಪ್ಪತ್ತು ಮಾರು ಆಚೆಗೆ ಕಲ್ಲು ಹಾಸಿದ ಹಳೆಯ ದಾರಿಯಿದೆ. ಯಾವ ಕಾಲದ್ದೋ, ಇನ್ನೂ ಒಂದು ಕಲ್ಲೂ ಅಲುಗಿಲ್ಲ. ತಗ್ಗಿನಲ್ಲಿ ಆ ದಾರಿಯ ಅಡಿಗೆ, ಆಳು ಬಗ್ಗಿ ನುಸುಳುವಷ್ಟು ದೊಡ್ಡ ಮೋರಿಯಿದೆ. ಅದನ್ನು ಹುಲಿಗೆವ್ವನ ಮೋರಿ ಎನ್ನುತ್ತಾರೆ. ದೇವಿಯಿರಬೇಕೆಂದು ಹೊಸಬರು ತೆಂಗಿನಕಾಯಿ ಹಿಡಿದು ಬರುವುದುಂಟು. ದೇವಿಯಲ್ಲ ಮಾರಾಯರೇ, ವಡ್ಡರ ದುರುಗಪ್ಪನ ಒಬ್ಬಳೇ ಮಗಳು.

ಹಿಂದೆ ಒಮ್ಮೆ ಈ ಸೀಮೆ ಒಬ್ಬ ದೇಸಾಯಿಯ ಕೈಯಲ್ಲಿತ್ತು. ಆನೆ ನಡೆದದ್ದೇ ದಾರಿ ಎನ್ನುವ ಆಸಾಮಿ. ಆದರೆ ಇಲ್ಲಿಯ ಎರೆಮಣ್ಣು ಯಾವ ಆನೆಗೂ ಅಂಜುವುದಿಲ್ಲ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಹುದುಗಿದ ಹಿಟ್ಟಿನಂತೆ ಉಬ್ಬುತ್ತದೆ. ಒಂದು ಮಳೆಗಾಲ ಪಲ್ಲಕ್ಕಿ ಹೊತ್ತ ಬೋಯಿಗಳು ಮೊಣಕಾಲುಮಟ್ಟ ಹೂತುಹೋಗಿ, ಪಲ್ಲಕ್ಕಿಯಲ್ಲಿದ್ದ ದೇಸಾಯಿ ಮುಖ ಅಡಿಯಾಗಿ ಕೆಸರಿಗೆ ಬಿದ್ದ. ನಕ್ಕವರಿಗೆ ಏನಾಯಿತೆಂಬುದನ್ನು ಹೇಳುವುದು ಬೇಡ. ದಾರಿ ಕಟ್ಟಲು ಅವನು ಕರೆಸಿದ್ದು ನಲವತ್ತು ಮನೆಗಳ ನಾಯಕನಾದ ದುರುಗಪ್ಪನನ್ನು. ದುರುಗಪ್ಪ ಸೊಂಟದಾಳದವರೆಗೆ ಎರೆಯನ್ನು ತೆಗೆಸಿ ಹಾಕಿದ, ಗರಸು ತುಂಬಿಸಿ ಪದರ ಪದರವಾಗಿ ದಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ, ನೀರು ಇಳಿದುಹೋಗಲೆಂದು ನಡುವನ್ನು ಎತ್ತರಿಸಿ ಕಲ್ಲು ಹಾಸಿದ, ತಗ್ಗಿನಲ್ಲಿ ಮೋರಿ ಬಿಟ್ಟ. ದಾರಿಗೆ ಭಾರ ವೈರಿಯಲ್ಲ, ನಿಂತ ನೀರು ವೈರಿ ಎಂಬುದು ಅವನ ಮಾತು. ಕೆಲಸ ಹಿಡಿದ ದಿನ ಅವನು ದೇಸಾಯಿಯ ಮುಂದೆ ಎದೆಯುಬ್ಬಿಸಿ ಇನ್ನೊಂದು ಮಾತನ್ನೂ ಹೇಳಿದ್ದ. ಅವನ ವಂಶದಲ್ಲಿ ದಾರಿ ಮುಗಿದ ಮೇಲೆ ಭಾರ ಒಪ್ಪಿಸುವ ಪದ್ಧತಿಯಿತ್ತು. ಗಾಡಿ ತುಂಬ ಕಲ್ಲು ಹೇರಿ, ಅದರ ಮೇಲೆ ಹೆತ್ತ ಕೂಸನ್ನು ಕೂರಿಸಿ, ಕಟ್ಟಿದವನೇ ಮೊದಲು ಹೊಡೆದುಕೊಂಡು ಹೋಗಬೇಕು. ಅಲ್ಲಿಯವರೆಗೂ ಧಣಿ ಅದರ ಮೇಲೆ ಕಾಲಿಡಬಾರದು. ಹುಲಿಗೆವ್ವ ನಡೆಯಲು ಕಲಿಯುವ ಮೊದಲೇ ಹೀಗೆ ಎರಡು ದಾರಿ ದಾಟಿದ್ದಳಂತೆ.

ಕೆಲಸ ಮುಗಿಯುವ ಹೊತ್ತಿಗೆ ಯಾರೋ ದೇಸಾಯಿಯ ಕಿವಿ ಕಚ್ಚಿದರು. ಮೇಲಿನ ದಿಬ್ಬದಲ್ಲಿ ಚರ್ಮ ಹದ ಮಾಡುವವರ ಕೇರಿ. ಅಲ್ಲಿಯ ನೀರು ಹರಿದು ಬಂದು ಈ ಮೋರಿಯಲ್ಲಿಯೇ ದಾಟಬೇಕು. ಆ ನೀರು ತನ್ನ ಪಲ್ಲಕ್ಕಿಯ ಕೆಳಗೆ ಹರಿಯುವುದೇ ಎಂದು ದೇಸಾಯಿ ಉರಿದುಬಿದ್ದು, ವಾಡೆಯ ಆಳುಗಳಿಂದ ಮೋರಿಯ ಮೇಲ್ಬಾಯಿಗೆ ಕಲ್ಲುಮಣ್ಣು ತುಂಬಿಸಿ ಮುಚ್ಚಿಸಿದ. ಹರಿದು ಹೋಗುವ ಮೈಲಿಗೆಯನ್ನು ಕಟ್ಟಿ ನಿಲ್ಲಿಸಿಕೊಂಡ ಜಾಣ! ಉತ್ತರೆ ಮಳೆ ಹದಿಮೂರು ದಿನ ಬಿಡದೆ ಹೊಯ್ದಿತು. ದಾರಿಯ ಮಗ್ಗುಲಿಗೆ ನೀರು ಕೆರೆಯಂತೆ ನಿಂತಿತು. ಮೇಲೆ ಹಾಸುಗಲ್ಲು ಮದುಮಗಳಂತೆ ತೊಳೆದು ಹೊಳೆಯುತ್ತಿತ್ತು. ದುರುಗಪ್ಪ ಎರಡು ಕಲ್ಲಿನ ಸಂದಿಯಲ್ಲಿ ಹಾರೆ ಇಳಿಸಿದ. ಅದು ಅಂಬಲಿಗೆ ಇಳಿದಂತೆ ಹಿಡಿಯವರೆಗೂ ಹೋಯಿತು.

ಅವನು ವಾಡೆಗೆ ಓಡಿ ದೇಸಾಯಿಯ ಕಾಲಿಗೆ ಬಿದ್ದ. "ಧಣಿ, ಅಡಿಪಾಯ ನೀರು ಕುಡಿದೈತಿ. ಮೋರಿ ಬಿಡಸ್ರಿ. ಒಂದು ಬ್ಯಾಸಗಿ ಒಣಗಲಿ, ಮತ್ತ ಗಟ್ಟಿ ಮಾಡಿ ಕೊಡ್ತೀನಿ."

ದೇಸಾಯಿ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡ. ಅವನಿಗೆ ಸಿಟ್ಟು ಬರಲಿಲ್ಲ ಎನ್ನುತ್ತಾರೆ. "ನಾಳೆ ಭಾರ ಒಪ್ಪಿಸು. ಪದ್ಧತಿ ನಿಂದ, ನಂದಲ್ಲ. ದಾರಿ ಕುಸಿದರ ನಿನ್ನ ಮಾತು ಖರೆ ಅಂತ ನಂಬ್ತೀನಿ. ಒಲ್ಲೆ ಅಂದರ ನಿನ್ನ ಕೆಲಸಾನ ಖೊಟ್ಟಿ. ನಲವತ್ತು ಮನೆಯವರದೂ ಬಲಗೈ ಹೆಬ್ಬೆರಳು ತೆಗೆಸ್ತೀನಿ."

ಮಗಳ ಬದಲು ತಾನೇ ಕಲ್ಲಿನ ಮೇಲೆ ಕೂರುತ್ತೇನೆಂದು ದುರುಗಪ್ಪ ಹಲುಬಿದ. ಪದ್ಧತಿ ಮುರಿಯಬಾರದಪ್ಪ ಎಂದು ದೇಸಾಯಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಆಡಿದ ಮಾತು, ಒಡೆದ ಮುತ್ತು. ಎದೆಯುಬ್ಬಿಸಿ ಆಡಿದ ಆ ನಾಲಗೆಯನ್ನು ಕಿತ್ತೆಸೆಯಬೇಕೆನಿಸಿತು ದುರುಗಪ್ಪನಿಗೆ. ಗುಡಿಸಲಿಗೆ ಬಂದು ಮಗಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ಕೂತ. ಹುಲಿಗೆವ್ವನಿಗೆ ಆಗ ಹದಿನಾರು. ಅಷ್ಟರಲ್ಲಿ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. "ಎಪ್ಪಾ, ಹೆಬ್ಬೆರಳಿಲ್ಲದ ವಡ್ಡ ಸುತ್ತಿಗೆ ಹೆಂಗ ಹಿಡೀತಾನ? ಎಡಗಡೆ ಒಣ ಅಂಚು ಹಿಡಕೊಂಡು ಹೊಡಿ. ದಾಟತೀವಿ," ಎಂದಳಂತೆ. ಅವಳ ಮಾತಿಗೆ ಅವನು ಹೂಂ ಎಂದ. ಹೂಂ ಎನ್ನದೆ ಏನು ಮಾಡಿಯಾನು?

ಮರುದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ದೇಸಾಯಿ ಎದುರಿನ ಇನ್ನೊಂದು ದಿಬ್ಬದ ಮೇಲೆ ಕುರ್ಚಿ ಹಾಕಿಸಿ ಕೂತ. ದುರುಗಪ್ಪ ಎತ್ತುಗಳ ಮೂಗುದಾರ ಹಿಡಿದು, ಒಂದೊಂದು ಕಲ್ಲನ್ನೂ ಪಾದದಿಂದ ಒತ್ತಿ ನೋಡುತ್ತ ಎಡದ ಅಂಚಿನಲ್ಲಿ ನಡೆದ. ತಗ್ಗು ಬಂತು. ಮೋರಿ ದಾಟಿತು. ಇನ್ನು ನಾಲ್ಕು ಮಾರು ಎನ್ನುವಾಗ ಅವನು ತಿರುಗಿ ಮಗಳನ್ನು ನೋಡಿ ನಕ್ಕನಂತೆ. ಆಗಲೇ ಬಲದ ಗಾಲಿಯ ಕೆಳಗಿನ ಕಲ್ಲು ಸದ್ದಿಲ್ಲದೆ ಕೆಳಗಿಳಿಯಿತು. ಗಾಡಿ ವಾಲಿತು, ಹುಲಿಗೆವ್ವ ನಿಂತ ನೀರಿಗೆ ಬಿದ್ದಳು, ಹೇರಿದ ಕಲ್ಲೆಲ್ಲ ಅವಳ ಮೇಲೆ ಬಿತ್ತು. ದುರುಗಪ್ಪ ಹಾರಿದ. ಅವನು ಎಷ್ಟು ಕಲ್ಲು ಎತ್ತಿದರೂ ಕೆಳಗೆ ಇನ್ನೊಂದು ಕಲ್ಲಿತ್ತು. ಒಂದು ಕೈ ಮಾತ್ರ ಸಿಕ್ಕಿತು. ಅದು ಸ್ವಲ್ಪ ಹೊತ್ತು ಅವನ ಬೆರಳನ್ನು ಹಿಡಿದುಕೊಂಡಿತ್ತು, ಆಮೇಲೆ ಬಿಟ್ಟಿತು.

ದೇಸಾಯಿ ಕುರ್ಚಿಯಿಂದೆದ್ದು, "ಖರೆ ಹೇಳಿದ್ದ ನೋಡ್ರಿ ವಡ್ಡ. ಮೋರಿ ಬಿಡಸ್ರಿ," ಎಂದ. ಮೈಲಿಗೆಯ ಗತಿಯೇನೆಂದು ಕೇಳಿದಾಗ, ದಾಟುವ ಮುನ್ನ ಪಲ್ಲಕ್ಕಿಗೆ ಎರಡು ಹನಿ ಗಂಜಲ ಚಿಮುಕಿಸಿದರೆ ಸಾಕೆಂದು ಪುರೋಹಿತರು ಹೇಳಿದರು. ಅಯ್ಯೋ, ಎರಡು ಹನಿ ಗಂಜಲದಲ್ಲಿ ಮುಗಿಯುವ ಮಾತಿತ್ತು! ಮುಂದಿನ ಬೇಸಿಗೆಯಲ್ಲಿ ದುರುಗಪ್ಪನೇ ಆ ಜಾಗವನ್ನು ಅಗೆದು ಮತ್ತೆ ಕಟ್ಟಿದ. ದೇಸಾಯಿಗೆ ಶಾಪ ತಟ್ಟಿತೆಂದು ಹೇಳಲು ನನಗೂ ಆಸೆಯೇ. ತಟ್ಟಲಿಲ್ಲ. ಅವನು ಮೊಮ್ಮಕ್ಕಳನ್ನು ಕಂಡು, ತುಂಬು ವಯಸ್ಸಿನಲ್ಲಿ ಹಾಸಿಗೆಯ ಮೇಲೆ ಸತ್ತ. ದುರುಗಪ್ಪ ಬದುಕಿರುವ ತನಕ ಪ್ರತಿ ವರ್ಷ ಮಳೆಗೆ ಮುಂಚೆ ಬಂದು ಮೋರಿಯೊಳಗೆ ಬಗ್ಗಿ ಬರಿಗೈಯಲ್ಲಿ ಹೂಳು ಬಳಿಯುತ್ತಿದ್ದ. ಆಗೆಲ್ಲ ದೇಸಾಯಿಯ ಪಲ್ಲಕ್ಕಿ ಅವನ ತಲೆಯ ಮೇಲೆಯೇ ಹಾದುಹೋಗುತ್ತಿತ್ತು.

ದಾರಿಯ ತಲೆಗಿರುವ ಕಲ್ಲಿನಲ್ಲಿ ಇಂದಿಗೂ ಕಾಣುವುದು ದೇಸಾಯಿಯ ಹೆಸರು ಮಾತ್ರ. ಹುಲಿಗೆವ್ವನ ಹೆಸರನ್ನು ಯಾರೂ ಕೆತ್ತಲಿಲ್ಲ. ಆದರೆ ಮೃಗಶಿರ ಮಳೆಗೆ ನಾಲ್ಕು ದಿನ ಮೊದಲು ಅಲ್ಲಿಗೆ ಹೋದವರು ಒಂದನ್ನು ನೋಡಬಹುದು. ಹೆಣ್ಣುಮಕ್ಕಳನ್ನು ಹೆತ್ತ ಗಂಡಸರು, ಕೇರಿಯವರು ಊರವರು ಎನ್ನದೆ, ಸಾಲಾಗಿ ನಿಂತು ಮೋರಿಯ ಹೂಳು ಬಳಿಯುತ್ತಾರೆ. ಗುದ್ದಲಿ ತರುವುದಿಲ್ಲ, ಕೈಯಲ್ಲೇ ಬಳಿಯುತ್ತಾರೆ. ಮೇಲೆ ದಾರಿಯಲ್ಲಿ ಅವರವರ ಮಗಳು ಅಪ್ಪ ಹೊರಗೆ ಬರುವ ತನಕ ಕಾದು ನಿಂತಿರುತ್ತಾಳೆ.